ಭೂಗತ ಲೋಕದ ಕಥೆ ಬರೆಯುವ ಮುನ್ನ: ಯಾವ ದ್ರೋಹ, ಯಾವ ಸೇಡು?

ಭೂಗತ ಲೋಕದ ಕಥೆ ಬರೆಯಬೇಕು ಅಂತ ಕೂತವರಲ್ಲಿ ಜಾಸ್ತಿ ಜನ ಕೊನೆಯ ದೃಶ್ಯದಿಂದ ಶುರು ಮಾಡುತ್ತಾರೆ. ಕತ್ತಲು, ಎದುರುಬದುರು ನಿಂತ ಇಬ್ಬರು, ಒಂದು ಗುಂಡು. ಆಮೇಲೆ ಆ ಗುಂಡಿಗೆ ಕಾರಣ ಹುಡುಕುತ್ತಾ ಹಿಂದಕ್ಕೆ ಬರುತ್ತಾರೆ. ಕಥೆ ಸೊರಗುವುದು ಅಲ್ಲೇ. ಎಷ್ಟು ನಂಬಿಕೆ ಇತ್ತೋ ಅಷ್ಟೇ ದೊಡ್ಡದಾಗಿ ಸೇಡು ಕಾಣುತ್ತದೆ. ಆ ನಂಬಿಕೆಯನ್ನು ಓದುಗರು ನೋಡಿಯೇ ಇಲ್ಲ ಅಂದಮೇಲೆ ಹತ್ತು ಹೆಣ ಬಿದ್ದರೂ ಅವರಿಗೆ ಏನೂ ಅನ್ನಿಸುವುದಿಲ್ಲ. ಹಾಗಾಗಿ ಮೊದಲು ದ್ರೋಹವನ್ನು ಆರಿಸಿಕೊಳ್ಳಿ. ಯಾವ ಸೇಡು ಬೇಕು ಅನ್ನೋದು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ದ್ರೋಹದಲ್ಲೂ ಬಗೆಗಳಿವೆ. ಶಿಷ್ಯ ತನ್ನ ಬಾಸ್‌ನನ್ನೇ ಮುಗಿಸುವುದು ಬೇರೆ, ಕೋರ್ಟಿನಲ್ಲಿ ನಿಂತು ಬಾಯಿ ಬಿಡುವುದು ಬೇರೆ, ಗ್ಯಾಂಗ್ ಎರಡಾಗುವುದು ಬೇರೆ, ಮನೆ ಮಗಳೇ ನ್ಯಾಯಾಧೀಶರ ಬಾಗಿಲು ತಟ್ಟುವುದು ಇನ್ನೂ ಬೇರೆ. ಒಂದೊಂದಕ್ಕೂ ಒಂದೊಂದು ವೇಗ ಇದೆ, ಒಂದೊಂದು ಉದ್ದ ಇದೆ. ಇಲ್ಲಿ ಅವನ್ನು ಅಕ್ಕಪಕ್ಕ ಇಟ್ಟು ನೋಡೋಣ. ಉದಾಹರಣೆಗೆ ನಿಜವಾಗಿ ನಡೆದ ಪ್ರಕರಣಗಳನ್ನೇ ತಗೊಂಡಿದ್ದೇನೆ. ಹೋಲಿಸುವಾಗ ಮೂರು ಪ್ರಶ್ನೆ ಕೈಯಲ್ಲಿ ಇಟ್ಟುಕೊಳ್ಳಿ. ದ್ರೋಹ ಮಾಡಿದವನಿಗೆ ಬೇರೆ ದಾರಿ ಇತ್ತಾ? ಅದರ ಬೆಲೆಯನ್ನು ಯಾರು ತೆತ್ತರು? ಸೇಡು ತೀರಿಸಿಕೊಳ್ಳೋಕೆ ಯಾರಾದರೂ ಉಳಿದಿದ್ದಾರಾ?

ಬಾಸ್‌ನನ್ನು ಮುಗಿಸುವ ಶಿಷ್ಯ

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. 1931ರಲ್ಲಿ ನ್ಯೂಯಾರ್ಕ್‌ನಲ್ಲಿ ಲಕ್ಕಿ ಲೂಸಿಯಾನೋ ಮಾಡಿದ್ದು ಇದನ್ನೇ, ಅದೂ ಎರಡು ಸಲ. ಆಗ ಜೋ ಮಸೇರಿಯಾ ಮತ್ತು ಸಾಲ್ವತೋರೆ ಮರಂಜಾನೋ ಅನ್ನೋ ಇಬ್ಬರು ಬಾಸ್‌ಗಳ ನಡುವೆ ಕಾಳಗ ನಡೆಯುತ್ತಿತ್ತು. ಲೂಸಿಯಾನೋ ಮಸೇರಿಯಾನ ಬಲಗೈ. ಏಪ್ರಿಲ್ 15ರಂದು ಕೋನಿ ಐಲೆಂಡ್‌ನ ರೆಸ್ಟೋರೆಂಟ್ ಒಂದರಲ್ಲಿ ಮಸೇರಿಯಾನನ್ನು ಗುಂಡಿಟ್ಟು ಕೊಂದರು. ಎದುರಾಳಿ ಜೊತೆ ಒಳಗೊಳಗೇ ಮಾತು ಮುಗಿಸಿಕೊಂಡಿದ್ದವನು ಲೂಸಿಯಾನೋ. ಅದಾಗಿ ಐದು ತಿಂಗಳೂ ತುಂಬಿರಲಿಲ್ಲ, ಸೆಪ್ಟೆಂಬರ್ 10ರಂದು ಮರಂಜಾನೋ ಕೂಡ ತನ್ನ ಆಫೀಸಿನಲ್ಲೇ ಸತ್ತ. ಸರ್ಕಾರಿ ಅಧಿಕಾರಿಗಳ ವೇಷದಲ್ಲಿ ಬಂದ ಲೂಸಿಯಾನೋ ಕಡೆಯವರು ಅವನನ್ನು ಮುಗಿಸಿದ್ದರು.

ಓದೋಕೆ ರೋಚಕ. ಆದರೆ ಇದರಲ್ಲಿ ಸೇಡಿನ ಕಥೆ ಎಲ್ಲಿದೆ? ಹಳೆಯ ಬಾಸ್‌ಗಳಿಬ್ಬರೂ ಹೋದರು, ಉಳಿದವರೆಲ್ಲ ಗೆದ್ದವನ ಜೊತೆ ಸೇರಿಕೊಂಡರು, ಲೂಸಿಯಾನೋ ಎಲ್ಲ ಮಾಫಿಯಾ ಕುಟುಂಬಗಳ (ಅಂದರೆ ಗ್ಯಾಂಗ್‌ಗಳ) ಮುಖ್ಯಸ್ಥರನ್ನು ಸೇರಿಸಿ ಒಂದು ಮಂಡಳಿ ಕಟ್ಟಿದ. ಇದು ಒಬ್ಬ ಮೇಲೇರಿದ ಕಥೆ. ನಿಮಗೆ ಬೇಕಿರುವುದು ಅಧಿಕಾರದ ಏಣಿ ಆದರೆ ಇದನ್ನು ತಗೊಳ್ಳಿ, ಸೇಡು ಬೇಕಿದ್ದರೆ ಬೇಡ.

ಇದೇ ಬಗೆಯಲ್ಲಿ ಸೇಡಿಗೂ ಜಾಗ ಇರುವ ಪ್ರಕರಣ ಬೇಕಾದರೆ 1985ಕ್ಕೆ ಬನ್ನಿ. ಗ್ಯಾಂಬಿನೋ ಕುಟುಂಬದ ಬಾಸ್ ಪೌಲ್ ಕ್ಯಾಸ್ಟೆಲಾನೋ ತನ್ನವರು ಡ್ರಗ್ಸ್ ವ್ಯವಹಾರಕ್ಕೆ ಕೈ ಹಾಕಬಾರದು ಅಂತ ನಿಯಮ ಇಟ್ಟಿದ್ದ. ಅದೇ ಕುಟುಂಬದ ಜಾನ್ ಗೊಟ್ಟಿಯ ಹುಡುಗರು ಅದರಲ್ಲೇ ಸಿಕ್ಕಿಬಿದ್ದಿದ್ದರು. ಗೊಟ್ಟಿಗೆ ಬೆನ್ನೆಲುಬಾಗಿದ್ದ ಹಿರಿಯ ಅನಿಯೆಲೋ ಡೆಲಾಕ್ರೋಚೆ ಡಿಸೆಂಬರ್ 2ರಂದು ಕ್ಯಾನ್ಸರ್‌ನಿಂದ ತೀರಿಕೊಂಡ. ಅವನ ಅಂತಿಮ ದರ್ಶನಕ್ಕೆ ಕ್ಯಾಸ್ಟೆಲಾನೋ ಹೋಗಲಿಲ್ಲ. ಭಯ ಮೊದಲೇ ಇತ್ತು, ಅದರ ಮೇಲೆ ಈ ಅವಮಾನ. ಡಿಸೆಂಬರ್ 16ರ ಸಂಜೆ ಮ್ಯಾನ್‌ಹಟನ್‌ನ ಸ್ಪಾರ್ಕ್ಸ್ ರೆಸ್ಟೋರೆಂಟ್ ಮುಂದೆ ಕಾರಿನಿಂದ ಇಳಿಯುತ್ತಿದ್ದ ಹಾಗೆಯೇ ಕ್ಯಾಸ್ಟೆಲಾನೋ ಮತ್ತು ಅವನ ಕಾರು ಓಡಿಸುತ್ತಿದ್ದ ಥಾಮಸ್ ಬಿಲೋಟಿ ಇಬ್ಬರೂ ಹೆಣವಾದರು. ಸ್ವಲ್ಪ ದೂರದಲ್ಲಿ ಇನ್ನೊಂದು ಕಾರಿನಲ್ಲಿ ಕೂತು ಗೊಟ್ಟಿ ಮತ್ತು ಅವನ ಜೊತೆಗಾರ ಸ್ಯಾಮಿ ಗ್ರವಾನೋ ಅದನ್ನು ನೋಡುತ್ತಿದ್ದರು.

ಇಲ್ಲಿ ಸೇಡು ಎರಡು ಕಡೆಯಿಂದ ಬಂತು. ಮಂಡಳಿಯ ಒಪ್ಪಿಗೆ ಇಲ್ಲದೆ ಬಾಸ್‌ನನ್ನು ಕೊಂದಿದ್ದಕ್ಕೆ ಬೇರೆ ಕುಟುಂಬಗಳ ಮುಖ್ಯಸ್ಥರು ಗೊಟ್ಟಿಗೆ ಸ್ಕೆಚ್ ಹಾಕಿದರು. 1986ರ ಏಪ್ರಿಲ್‌ನಲ್ಲಿ ಕಾರ್ ಬಾಂಬ್ ಸಿಡಿಯಿತು. ಗೊಟ್ಟಿ ಅಲ್ಲಿರಲಿಲ್ಲ, ಸತ್ತಿದ್ದು ಅವನ ಜೊತೆಗಾರ ಫ್ರ್ಯಾಂಕ್ ಡೆಚಿಕೋ. ಎರಡನೆಯ ಪೆಟ್ಟು ತಡವಾಗಿ ಬಂತು, ಒಳಗಿನಿಂದಲೇ ಬಂತು. ಅಂದು ಕಾರಿನಲ್ಲಿ ಪಕ್ಕದಲ್ಲಿ ಕೂತಿದ್ದ ಗ್ರವಾನೋ, ಗೊಟ್ಟಿ ತನ್ನ ಬೆನ್ನ ಹಿಂದೆ ಆಡಿದ್ದ ಮಾತುಗಳನ್ನು ಪೊಲೀಸರ ಟೇಪಿನಲ್ಲಿ ಕೇಳಿಸಿಕೊಂಡ. 1991ರಲ್ಲಿ ಸರ್ಕಾರದ ಕಡೆ ವಾಲಿದ. ಅವನ ಸಾಕ್ಷಿಯಿಂದ 1992ರ ಏಪ್ರಿಲ್ 2ರಂದು ಗೊಟ್ಟಿ ತಪ್ಪಿತಸ್ಥ ಅಂತ ತೀರ್ಪು ಬಂತು, ಜೀವಾವಧಿ ಶಿಕ್ಷೆ ಆಯಿತು. 2002ರಲ್ಲಿ ಗೊಟ್ಟಿ ಜೈಲಿನಲ್ಲೇ ಸತ್ತ. 19 ಕೊಲೆಗಳಲ್ಲಿ ತನ್ನ ಪಾಲಿದೆ ಅಂತ ಒಪ್ಪಿಕೊಂಡ ಗ್ರವಾನೋಗೆ ಸಿಕ್ಕಿದ್ದು ಐದು ವರ್ಷ.

ಈ ಬಗೆಯನ್ನು ಆರಿಸಿದರೆ ಕೊಲೆಯ ದಿನವನ್ನು ಕಥೆಯ ನಡುಮಧ್ಯದಲ್ಲಿ ಇಡಿ. ಕೊನೆಯಲ್ಲಿ ಇಟ್ಟರೆ ಸುಮ್ನೆ ಒಂದು ಕೊಲೆ ಆಗುತ್ತದೆ. ಮಧ್ಯದಲ್ಲಿ ಇಟ್ಟರೆ ಆ ಕಾರಿನಲ್ಲಿ ಕೂತ ಇಬ್ಬರ ನಡುವೆ ಅಂದಿನಿಂದ ಏನು ಬೆಳೆಯಿತು ಅಂತ ತೋರಿಸೋಕೆ ಜಾಗ ಸಿಗುತ್ತದೆ. ಬಾಸ್‌ನನ್ನು ಕೊಂದವನಿಗೆ ತನ್ನ ಜೊತೆ ಸೇರಿದವನೂ ಅದನ್ನೇ ಮಾಡಬಲ್ಲ ಅಂತ ಗೊತ್ತಿರುತ್ತದೆ. ಅಲ್ವಾ?

ಬಾಯಿ ಬಿಡುವವನು

ನನಗೆ ಎಲ್ಲಕ್ಕಿಂತ ಹತ್ತಿರವಾದ ಬಗೆ ಇದು. ಕಷ್ಟವೂ ಹೌದು. ಬರೆಯುವವರು ಇದನ್ನು ಯಾಕೆ ಕಡಿಮೆ ಮುಟ್ಟುತ್ತಾರೆ ಅಂದರೆ ಇಲ್ಲಿ ಮುಖ್ಯ ದೃಶ್ಯ ನಡೆಯುವುದು ಒಂದು ಮೇಜಿನ ಎರಡು ಬದಿಯಲ್ಲಿ. ಒಬ್ಬ ಮಾತಾಡುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಗುಂಡಿಲ್ಲ, ಓಟ ಇಲ್ಲ. ಆದರೆ ಇಟಲಿಯ ಸಿಸಿಲಿ ದ್ವೀಪದ ಮಾಫಿಯಾಗೆ ಅತಿ ದೊಡ್ಡ ಪೆಟ್ಟು ಬಿದ್ದಿದ್ದು ಅಂಥ ಒಂದು ಮೇಜಿನ ಮೇಲೆ.

1981ರ ಏಪ್ರಿಲ್‌ನಲ್ಲಿ ಪಲೆರ್ಮೋದ ದೊಡ್ಡ ಬಾಸ್ ಸ್ಟೆಫಾನೋ ಬೊಂತಾತೆಯನ್ನು, ಮೇ ತಿಂಗಳಲ್ಲಿ ಸಾಲ್ವತೋರೆ ಇಂಜೆರಿಲೋವನ್ನು ಕೊರ್ಲಿಯೋನೆ ಊರಿನ ಗುಂಪು ಕೊಂದು ಹಾಕಿತು. ಆ ಗುಂಪಿನ ನಾಯಕ ಸಾಲ್ವತೋರೆ ರೀನಾ. ಸೋತ ಕಡೆಗೆ ಸೇರಿದವನು ತೊಮಾಸೋ ಬುಶೆತಾ. ಅವನು ಬ್ರೆಜಿಲ್‌ನಲ್ಲಿ ತಲೆಮರೆಸಿಕೊಂಡಿದ್ದ. ಅವನು ಕೈಗೆ ಸಿಗಲಿಲ್ಲ ಅಂತ ಅವನ ಮನೆಯವರ ಮೇಲೆ ಬಿದ್ದರು. 1982ರಲ್ಲಿ ಅವನ ಇಬ್ಬರು ಗಂಡುಮಕ್ಕಳು ಕಾಣೆಯಾದರು, ಮತ್ತೆ ಸಿಗಲೇ ಇಲ್ಲ. ಅಣ್ಣ, ಅಳಿಯ, ಅಣ್ಣನ ಮಕ್ಕಳು ಎಲ್ಲರನ್ನೂ ಕೊಂದರು. 1983ರಲ್ಲಿ ಬ್ರೆಜಿಲ್‌ನಲ್ಲಿ ಅವನು ಸಿಕ್ಕಿಬಿದ್ದ. ಇಟಲಿಗೆ ಒಪ್ಪಿಸುತ್ತಾರೆ ಅಂತ ಗೊತ್ತಾದಾಗ ವಿಷ ತಗೊಂಡ, ಬದುಕಿ ಉಳಿದ. 1984ರ ಜುಲೈನಲ್ಲಿ ಜೊವಾನಿ ಫಾಲ್ಕೋನೆ ಎಂಬ ನ್ಯಾಯಾಧೀಶರ ಮುಂದೆ ಮಾತಾಡೋಕೆ ಶುರು ಮಾಡಿದ.

ಬುಶೆತಾನ ವಾದ ಕೇಳಿ. ದ್ರೋಹಿ ನಾನಲ್ಲ, ಕೊರ್ಲಿಯೋನೆಯವರೇ ನಮ್ಮ ಹಳೆಯ ಕಟ್ಟುಪಾಡುಗಳಿಗೆ ದ್ರೋಹ ಮಾಡಿದವರು ಅನ್ನೋದು ಅವನ ನಿಲುವು. ಇದನ್ನು ಪೂರ್ತಿ ನಂಬಬೇಕಿಲ್ಲ. ಅವನೂ ಆ ಲೋಕದಲ್ಲೇ ಬೆಳೆದು ದುಡ್ಡು ಮಾಡಿದವನು. ಆದರೆ ಒಂದು ಪಾತ್ರಕ್ಕೆ ಇಷ್ಟು ಒಳ್ಳೆಯ ಸಮರ್ಥನೆ ಬೇರೆ ಎಲ್ಲೂ ಸಿಗುವುದಿಲ್ಲ. ತನ್ನನ್ನು ದ್ರೋಹಿ ಅಂತ ಕರೆದುಕೊಳ್ಳದ ದ್ರೋಹಿ, ಬಂದೂಕು ಮುಟ್ಟದೆ ಸೇಡು ತೀರಿಸಿಕೊಳ್ಳುವವನು, ಎರಡೂ ಒಬ್ಬನೇ.

ಆ ಮಾತುಗಳಿಂದ ಹುಟ್ಟಿದ ಮೊಕದ್ದಮೆ 1986ರ ಫೆಬ್ರವರಿ 10ರಂದು ಪಲೆರ್ಮೋದಲ್ಲಿ ಶುರುವಾಯಿತು. ಅದಕ್ಕೆಂದೇ ಜೈಲಿನ ಪಕ್ಕದಲ್ಲಿ ಬಾಂಬ್‌ಗೂ ಜಗ್ಗದಂಥ ಕೋರ್ಟ್ ಕಟ್ಟಿದ್ದರು. ಆರೋಪಿಗಳು ಸುಮಾರು 475 ಜನ. 1987ರ ಡಿಸೆಂಬರ್‌ನಲ್ಲಿ ತೀರ್ಪು ಬಂದಾಗ 338 ಜನರಿಗೆ ಶಿಕ್ಷೆ ಆಯಿತು. 1992ರ ಜನವರಿಯಲ್ಲಿ ಅತ್ಯುನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆಮೇಲೆ ಶುರುವಾಯಿತು ಮಾಫಿಯಾದ ಸೇಡು. ಮೇ 23ರಂದು ಕಪಾಚಿ ಬಳಿ ಹೆದ್ದಾರಿಯ ಕೆಳಗೆ ಇಟ್ಟಿದ್ದ ಸ್ಫೋಟಕ ಸಿಡಿದು ಫಾಲ್ಕೋನೆ, ಅವರ ಪತ್ನಿ, ಮೂವರು ಅಂಗರಕ್ಷಕರು ಸತ್ತರು. ಜುಲೈ 19ರಂದು ಅವರ ಜೊತೆಗಾರ ನ್ಯಾಯಾಧೀಶ ಪಾವ್ಲೋ ಬೊರ್ಸೆಲಿನೋ ಮತ್ತು ಐವರು ಅಂಗರಕ್ಷಕರನ್ನು ಕಾರ್ ಬಾಂಬ್ ಇಟ್ಟು ಕೊಂದರು. ಬಾಯಿ ಬಿಟ್ಟ ಬುಶೆತಾ 2000ದಲ್ಲಿ ಅಮೆರಿಕದಲ್ಲಿ ಕಾಯಿಲೆಯಿಂದ ಸತ್ತ. ಕೇಳಿಸಿಕೊಂಡವರು ಬಾಂಬಿಗೆ ಬಲಿಯಾದರು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಮತ್ತು ಈ ಬಗೆಯ ಕಥೆ ಬರೆಯುವವರು ಆ ಸಿಟ್ಟನ್ನು ಬಿಟ್ಟುಕೊಡಬಾರದು ಅಂತ ನನ್ನ ಅಭಿಪ್ರಾಯ.

ಬಾಯಿ ಬಿಡೋಕೆ ಕಾರಣ ಏನು ಅನ್ನೋದರ ಮೇಲೆ ಕಥೆಯ ಬಣ್ಣವೇ ಬದಲಾಗುತ್ತದೆ. ಬುಶೆತಾನ ಕಾರಣ ಮಕ್ಕಳ ಸಾವು. ಗ್ರವಾನೋನ ಕಾರಣ ಅವಮಾನ ಮತ್ತು ಸ್ವಂತ ಲಾಭ. ಮೂರನೆಯ ಕಾರಣ ಬರೀ ಭಯ, ಅದಕ್ಕೆ ಜೋ ವಲಾಚಿಯನ್ನು ನೋಡಿ. 1962ರಲ್ಲಿ ಅವನು ಅಟ್ಲಾಂಟದ ಜೈಲಿನಲ್ಲಿದ್ದ. ತನ್ನ ಬಾಸ್ ವೀಟೋ ಜೆನೊವೇಸೆ ತನ್ನನ್ನು ದ್ರೋಹಿ ಅಂದುಕೊಂಡಿದ್ದಾನೆ, ಇಲ್ಲೇ ಮುಗಿಸುತ್ತಾನೆ ಅಂತ ಅವನಿಗೆ ಖಾತ್ರಿಯಾಗಿತ್ತು. ತನ್ನನ್ನು ಕೊಲ್ಲೋಕೆ ಬಂದವನು ಇವನೇ ಅಂತ ಒಬ್ಬ ಕೈದಿಯನ್ನು ಕಬ್ಬಿಣದ ಪೈಪಿನಿಂದ ಹೊಡೆದು ಕೊಂದ. ಸತ್ತವನು ಬೇರೆ ಯಾರೋ, ಈ ಜಗಳಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಆಮೇಲೆ ವಲಾಚಿ ನಿಜವಾಗಿಯೂ ಬಾಯಿ ಬಿಟ್ಟ. 1963ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಮುಂದೆ ಕೂತು ಇಡೀ ಸಂಘಟನೆಯ ರಚನೆಯನ್ನು ಜನರೆದುರು ವಿವರಿಸಿದ. ದ್ರೋಹ ಮಾಡುವ ಮೊದಲೇ ದ್ರೋಹಿ ಅನ್ನಿಸಿಕೊಂಡು, ಅದರಿಂದಲೇ ದ್ರೋಹಿ ಆದವನು. ಸಣ್ಣಕಥೆಗೆ ಇದಕ್ಕಿಂತ ಗಟ್ಟಿ ವಸ್ತು ಬೇಕಾ?

ಮೂರರಲ್ಲಿ ಯಾವುದು? ಓದುಗರ ಕಣ್ಣು ಒದ್ದೆಯಾಗಬೇಕಾದರೆ ಮಕ್ಕಳ ಸಾವು. ಓದುಗರು ಪಾತ್ರವನ್ನು ದ್ವೇಷಿಸುತ್ತಲೇ ಹಿಂಬಾಲಿಸಬೇಕಾದರೆ ಅವಮಾನ. ಒಂದೇ ಕೂರಿಕೆಯಲ್ಲಿ ಓದಿ ಮುಗಿಸುವ ಕಥೆಯಾದರೆ ಭಯ.

ಒಂದು ಎಚ್ಚರಿಕೆ ಇದೆ. ಬಾಯಿ ಬಿಟ್ಟವನ ಮೇಲಿನ ಸೇಡು ತುಂಬಾ ಸಲ ಅವನ ಮೇಲೆ ಬೀಳುವುದಿಲ್ಲ. ಮಾಫಿಯಾದವನೇ ಆದ ಸಾಂತಿನೋ ದಿ ಮತ್ತೇವೋ ಕಪಾಚಿ ಸ್ಫೋಟದ ಬಗ್ಗೆ ಸಾಕ್ಷಿ ಹೇಳಿದ ಅಂತ 1993ರ ನವೆಂಬರ್‌ನಲ್ಲಿ ಅವನ 12 ವರ್ಷದ ಮಗನನ್ನು ಎತ್ತಿಕೊಂಡು ಹೋದರು. ಎರಡು ವರ್ಷಕ್ಕಿಂತ ಜಾಸ್ತಿ ಕೂಡಿಹಾಕಿ 1996ರ ಜನವರಿಯಲ್ಲಿ ಕೊಂದರು. ಮಾಫಿಯಾ ಹೆಂಗಸರನ್ನೂ ಮಕ್ಕಳನ್ನೂ ಮುಟ್ಟುವುದಿಲ್ಲ ಅನ್ನೋ ಮಾತು ಎಷ್ಟು ಸುಳ್ಳು ಅಂತ ಗೊತ್ತಾಗೋಕೆ ಇದೊಂದು ಸಾಕು. ನಿಮ್ಮ ಕಥೆಯಲ್ಲಿ ಡಾನ್ ಒಬ್ಬ ನಿಯಮ ಮೀರದ ಗೃಹಸ್ಥನ ಹಾಗೆ ಮಾತಾಡಿದರೆ, ಕಥೆಯ ಇನ್ನೊಂದು ಕಡೆ ಆ ಮಾತನ್ನು ಪರೀಕ್ಷೆಗೆ ಹಚ್ಚಿ.

ಗ್ಯಾಂಗಿನೊಳಗಿನ ಪೊಲೀಸ್, ಪೊಲೀಸರೊಳಗಿನ ಡಾನ್

ಈ ಎರಡನ್ನೂ ಒಟ್ಟಿಗೇ ನೋಡಬೇಕು. ಹೊರಗಿನಿಂದ ಒಂದೇ ಥರ ಕಾಣುತ್ತವೆ, ಒಳಗೆ ಹೋದರೆ ಪೂರ್ತಿ ಉಲ್ಟಾ.

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಜೋಸೆಫ್ ಪಿಸ್ಟೋನೆ 1976ರಿಂದ 1981ರವರೆಗೆ ಡೋನಿ ಬ್ರಾಸ್ಕೋ ಅನ್ನೋ ಹೆಸರಿನಲ್ಲಿ ನ್ಯೂಯಾರ್ಕ್‌ನ ಬೊನಾನೋ ಕುಟುಂಬದ ಒಳಗಿದ್ದ. ಅವನ ಕೆಲಸದಿಂದ ನೂರಕ್ಕೂ ಹೆಚ್ಚು ಜನರಿಗೆ ಶಿಕ್ಷೆ ಆಯಿತು. ಅವನ ತಲೆಗೆ ಐದು ಲಕ್ಷ ಡಾಲರ್ ಸುಪಾರಿ ಘೋಷಣೆಯಾಯಿತು. ಆದರೆ ನನ್ನ ಮಟ್ಟಿಗೆ ಈ ಕಥೆಯ ನಾಯಕ ಪಿಸ್ಟೋನೆ ಅಲ್ಲ, ಡಾಮಿನಿಕ್ ನೆಪೊಲಿಟಾನೋ. ಬ್ರಾಸ್ಕೋನನ್ನು ನಂಬಿ ಹತ್ತಿರ ಸೇರಿಸಿಕೊಂಡವನು ಅವನು. ಸತ್ಯ ಹೊರಬಿದ್ದ ಮೇಲೆ, 1981ರ ಆಗಸ್ಟ್‌ನಲ್ಲಿ, ಪೊಲೀಸನ್ನು ಒಳಗೆ ಬಿಟ್ಟ ತಪ್ಪಿಗೆ ಅವನ ಗ್ಯಾಂಗಿನವರೇ ಅವನನ್ನು ಕೊಂದರು. ದ್ರೋಹ ಮಾಡಿದವನು ಕೈಗೆ ಸಿಗದಿದ್ದರೆ ಸೇಡು ನಂಬಿದವನ ಮೇಲೆ ತಿರುಗುತ್ತದೆ. ಇವನು ನಮ್ಮವನು ಅಂತ ಜಾಮೀನು ನಿಂತವನ ಕಣ್ಣಿನಿಂದ ಕಥೆ ಹೇಳಿದರೆ ಓದುಗರಿಗೆ ಒಂದು ಪುಟವೂ ನೆಮ್ಮದಿ ಸಿಗುವುದಿಲ್ಲ. ಪೊಲೀಸಿನ ಕಣ್ಣಿನಿಂದ ಹೇಳಿದರೆ ಸಿಕ್ಕಿಬೀಳುತ್ತಾನಾ ಇಲ್ಲವಾ ಅನ್ನೋ ಆತಂಕ ಇರುತ್ತದೆ, ಆದರೆ ಅಪರಾಧಿ ಭಾವನೆಯನ್ನು ಬರೆಯೋದು ಕಷ್ಟ, ಯಾಕಂದ್ರೆ ಅವನ ಕೈಯಲ್ಲಿ ಕರ್ತವ್ಯ ಅನ್ನೋ ಉತ್ತರ ಸದಾ ಸಿದ್ಧ ಇರುತ್ತದೆ.

ಇನ್ನೊಂದು ಬದಿಯಲ್ಲಿ ಬಾಸ್ಟನ್‌ನ ಜೇಮ್ಸ್ ಬಲ್ಜರ್. ಅವನು ಗ್ಯಾಂಗ್ ನಡೆಸುತ್ತಲೇ ಎಫ್‌ಬಿಐಗೆ ಬಾತ್ಮಿದಾರನಾಗಿದ್ದ. ಅವನನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ ಜಾನ್ ಕಾನೊಲಿ ಅವನ ರಕ್ಷಣೆಗೇ ನಿಂತುಬಿಟ್ಟ. ಬಂಧನ ಆಗಲಿದೆ ಅಂತ ಸುಳಿವು ಸಿಕ್ಕಿ ಬಲ್ಜರ್ ಪರಾರಿಯಾದ. 16 ವರ್ಷ ಸಿಗಲಿಲ್ಲ. 2011ರ ಜೂನ್‌ನಲ್ಲಿ ಸಾಂಟಾ ಮೋನಿಕಾದಲ್ಲಿ ಹಿಡಿದರು, 2013ರಲ್ಲಿ 11 ಕೊಲೆಗಳಲ್ಲಿ ಅವನ ಕೈವಾಡ ಸಾಬೀತಾಯಿತು. 2018ರ ಅಕ್ಟೋಬರ್ 30ರಂದು, ವೆಸ್ಟ್ ವರ್ಜೀನಿಯಾದ ಜೈಲಿಗೆ ಬಂದ ಮರುದಿನವೇ, ಕೈದಿಗಳು ಅವನನ್ನು ಹೊಡೆದು ಕೊಂದರು. ಆಗ ಅವನಿಗೆ 89 ವರ್ಷ.

ಇಲ್ಲಿ ದ್ರೋಹಕ್ಕೆ ಒಳಗಾದವರು ಯಾರು? ಗ್ಯಾಂಗಿನವರು ಹೌದು. ಅದಕ್ಕಿಂತ ಮೊದಲು, ಕಾನೂನನ್ನು ನಂಬಿ ದೂರು ಕೊಡೋಕೆ ಹೋದ ಸಾಮಾನ್ಯ ಜನ, ಕೊಲೆಯಾದವರ ಮನೆಯವರು. ಪಿಸ್ಟೋನೆ ಥರದ ಕಥೆ ಒಬ್ಬಿಬ್ಬರ ಸ್ನೇಹದ ಮೇಲೆ ನಿಲ್ಲುತ್ತದೆ, ಚಿಕ್ಕದಾಗಿ ಬಿಗಿಯಾಗಿ ಬರೆಯಬಹುದು. ಬಲ್ಜರ್ ಥರದ್ದು ಒಂದು ಇಡೀ ವ್ಯವಸ್ಥೆ ಕೊಳೆತ ಕಥೆ. ಅದಕ್ಕೆ ಹತ್ತಾರು ಪಾತ್ರ, ವರ್ಷಗಟ್ಟಲೆ ಕಾಲ, ಕಾಗದಪತ್ರಗಳ ಓದು ಬೇಕು. ಅಷ್ಟು ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ.

ಗ್ಯಾಂಗ್ ಎರಡಾದಾಗ

ಇದು ವೆಬ್ ಸರಣಿಗೆ, ದೊಡ್ಡ ಕಾದಂಬರಿಗೆ ಹೇಳಿ ಮಾಡಿಸಿದ ಬಗೆ. ಒಬ್ಬನೇ ದ್ರೋಹಿ ಅಂತ ಬೆರಳು ತೋರಿಸೋಕೆ ಆಗುವುದಿಲ್ಲ, ಎರಡು ಕಡೆಯವರೂ ಇನ್ನೊಬ್ಬನೇ ಮೊದಲು ಮಾತು ತಪ್ಪಿದ್ದು ಅನ್ನುತ್ತಾರೆ.

ಮುಂಬೈ ನೋಡಿ. 1981ರಲ್ಲಿ ದಾವೂದ್ ಇಬ್ರಾಹಿಂನ ಅಣ್ಣ ಸಾಬಿರ್‌ನನ್ನು ಎದುರಾಳಿಗಳು ಪೆಟ್ರೋಲ್ ಬಂಕ್‌ನಲ್ಲಿ ಕೊಂದರು. ಅದಕ್ಕೆ ಸೇಡಾಗಿ 1983ರಲ್ಲಿ ಆ ಎದುರಾಳಿಗಳಲ್ಲಿ ಒಬ್ಬನಾದ ಅಮೀರ್‌ಜಾದಾನನ್ನು ಕೋರ್ಟಿನೊಳಗೇ ಗುಂಡಿಟ್ಟು ಕೊಲ್ಲಲಾಯಿತು. ಆ ಸುಪಾರಿಗೆ ಜನ ಹೊಂದಿಸಿದ್ದ ಬಡಾ ರಾಜನ್ ಅದೇ ವರ್ಷ ಎದುರಾಳಿಗಳ ಗುಂಡಿಗೆ ಬಲಿಯಾದ. ಅವನ ಶಿಷ್ಯ ಛೋಟಾ ರಾಜನ್ ಗುರುವಿನ ಸೇಡು ತೀರಿಸಿಕೊಳ್ಳುತ್ತಾ ದಾವೂದ್‌ಗೆ ಹತ್ತಿರವಾದ. ಅಂದರೆ ಈ ಸ್ನೇಹ ಕಟ್ಟಿದ್ದೇ ಸೇಡಿನ ಮೇಲೆ. 1993ರ ಮಾರ್ಚ್ 12ರ ಬಾಂಬ್ ಸ್ಫೋಟಗಳಲ್ಲಿ 257 ಜನ ಸತ್ತರು. ಅದಾದ ಮೇಲೆ ಇಬ್ಬರೂ ಬೇರೆಯಾದರು. ಸ್ಫೋಟವೇ ಕಾರಣ ಅಂತ ರಾಜನ್ ಹೇಳಿಕೊಂಡ. ಗ್ಯಾಂಗಿನೊಳಗೆ ಛೋಟಾ ಶಕೀಲ್ ಮೇಲೆ ಬಂದಿದ್ದು, ಒಳಜಗಳ ಇವೆಲ್ಲ ಅದಕ್ಕೂ ಮೊದಲಿನಿಂದಲೇ ಇದ್ದವು. 2000ದ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ರಾಜನ್ ಮೇಲೆ ದಾಳಿ ನಡೆಯಿತು. ಅವನ ಆಪ್ತ ರೋಹಿತ್ ವರ್ಮಾ ಸತ್ತ, ರಾಜನ್ ಗಾಯಗೊಂಡು ಆಸ್ಪತ್ರೆಯಿಂದಲೇ ತಪ್ಪಿಸಿಕೊಂಡ. 2003ರ ಜನವರಿಯಲ್ಲಿ ದಾವೂದ್‌ನ ಆಪ್ತ ಶರದ್ ಶೆಟ್ಟಿಯನ್ನು ದುಬೈನಲ್ಲಿ ಕೊಂದರು. 2015ರಲ್ಲಿ ರಾಜನ್ ಬಾಲಿಯಲ್ಲಿ ಸಿಕ್ಕಿಬಿದ್ದ.

ಬರೆಯುವವರಿಗೆ ಇಲ್ಲಿ ಸಿಗುವ ಪಾಠ ಸ್ಪಷ್ಟ. ಬೇರೆಯಾಗುವ ಪಾತ್ರಕ್ಕೆ ಎರಡು ಕಾರಣ ಕೊಡಿ. ಒಂದು ಜನರ ಮುಂದೆ ಹೇಳುವಂಥದ್ದು, ಇನ್ನೊಂದು ಅವನಿಗೆ ಮಾತ್ರ ಗೊತ್ತಿರುವಂಥದ್ದು. ಎರಡೂ ನಿಜ ಇರಲಿ.

ಜಪಾನಿನ ಭೂಗತ ಸಂಘಟನೆ ಯಮಗುಚಿ-ಗುಮಿ ಒಡೆದಿದ್ದು ಬೇರೆ ಥರ. ಅಲ್ಲಿ ಬಟ್ಟಲು ಬದಲಾಯಿಸಿ ಸಾಕೆ (ಅಕ್ಕಿಯ ಮದ್ಯ) ಕುಡಿದು ತಂದೆ ಮಕ್ಕಳ ಸಂಬಂಧ ಕಟ್ಟಿಕೊಳ್ಳುತ್ತಾರೆ, ತಪ್ಪು ಮಾಡಿದವನು ಕಿರುಬೆರಳಿನ ತುದಿ ಕತ್ತರಿಸಿ ಒಪ್ಪಿಸುವ ಪದ್ಧತಿ ಇತ್ತು, ಹೊರಹಾಕಿದವನ ಹೆಸರನ್ನು ಬೇರೆ ಗುಂಪುಗಳಿಗೆಲ್ಲ ಪತ್ರ ಬರೆದು ತಿಳಿಸುತ್ತಾರೆ. 1984ರಲ್ಲಿ ತಕೆನಕ ಮಸಾಹಿಸಾ ನಾಲ್ಕನೆಯ ಮುಖ್ಯಸ್ಥನಾದ. ಒಪ್ಪದವರು ಯಮಮೊಟೋ ಹಿರೋಶಿಯ ಜೊತೆ ಹೊರಹೋಗಿ ಇಚಿವಾ-ಕಾಯ್ ಕಟ್ಟಿದರು. 1985ರ ಜನವರಿಯಲ್ಲಿ ಆ ಗುಂಪಿನವರು ತಕೆನಕನನ್ನು ಕೊಂದರು. ನಾಲ್ಕು ವರ್ಷ ಕಾಳಗ ನಡೆಯಿತು. 1989ರಲ್ಲಿ ಯಮಮೊಟೋ ಗುಂಪನ್ನು ವಿಸರ್ಜಿಸಿ, ಕ್ಷಮೆ ಕೇಳಿ, ನಿವೃತ್ತನಾದ. ಯಮಗುಚಿ-ಗುಮಿ ಅದನ್ನು ಒಪ್ಪಿಕೊಂಡಿತು. ಸತ್ತವನ ತಮ್ಮ ಒಪ್ಪಲಿಲ್ಲ, ಸೇಡು ಮುಗಿದಿಲ್ಲ ಅಂತ ತನ್ನ ಹುಡುಗರ ಜೊತೆ ಆ ಸಂಘಟನೆಯಿಂದಲೇ ಹೊರಬಂದ.

ಸಂಘಟನೆಗೆ ಶಾಂತಿ ಬೇಕು, ತಮ್ಮನಿಗೆ ಸೇಡು ಬೇಕು. ಗುಂಡಿನ ಕಾಳಗ ಮುಗಿದ ಮೇಲೆ ನಿಜವಾದ ಕಥೆ ಶುರುವಾಗುವುದು ಇಲ್ಲಿ. ಮುಂಬೈ ಬಗೆಯನ್ನು ಆರಿಸಿದರೆ ಊರೂರು ಸುತ್ತುವ ಕಥೆ ಸಿಗುತ್ತದೆ, ಜಪಾನಿನ ಬಗೆ ಆರಿಸಿದರೆ ಒಂದು ಕೋಣೆಯೊಳಗೆ ಕೂತು ಮಾತಾಡುವ ಹಿರಿಯರ ಕಥೆ ಸಿಗುತ್ತದೆ. ಸಂಭಾಷಣೆ ಚೆನ್ನಾಗಿ ಬರೆಯುವವರು ಎರಡನೆಯದನ್ನು ತಗೊಳ್ಳಿ.

ಮನೆಯೊಳಗಿನಿಂದ

ರೀತಾ ಆತ್ರಿಯಾ ಸಿಸಿಲಿಯ ಪಾರ್ತಾನ್ನಾದ ಹುಡುಗಿ. ಮಾಫಿಯಾ ಮನೆತನ. ಅಪ್ಪನನ್ನು 1985ರಲ್ಲಿ, ಅಣ್ಣನನ್ನು 1991ರಲ್ಲಿ ಕೊಂದರು. 17ನೇ ವಯಸ್ಸಿಗೇ ಅವಳು ಬೊರ್ಸೆಲಿನೋ ಹತ್ತಿರ ಹೋಗಿ ತನಗೆ ಗೊತ್ತಿದ್ದನ್ನೆಲ್ಲ ಹೇಳಿದಳು. ಅಮ್ಮ ಅವಳನ್ನು ದೂರ ಮಾಡಿದಳು. ಬೊರ್ಸೆಲಿನೋ ಕೊಲೆಯಾದ ಒಂದು ವಾರಕ್ಕೆ ಅವಳು ತಾನೇ ಪ್ರಾಣ ಕಳೆದುಕೊಂಡಳು. ದಕ್ಷಿಣ ಇಟಲಿಯ ಕಲಾಬ್ರಿಯಾದ ಲೇಯಾ ಗರೊಫಾಲೋ 2002ರಲ್ಲಿ ಸಾಕ್ಷಿ ಹೇಳೋಕೆ ಮುಂದೆ ಬಂದಳು. 2009ರ ನವೆಂಬರ್‌ನಲ್ಲಿ ಮಿಲಾನ್‌ನಲ್ಲಿ ಅವಳ ಹಳೆಯ ಸಂಗಾತಿಯೇ ಅವಳನ್ನು ಕೊಲ್ಲಿಸಿದ. ಅವರಿಬ್ಬರ ಮಗಳು ಅಪ್ಪನ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಿದಳು, ಅವನಿಗೆ ಜೀವಾವಧಿ ಶಿಕ್ಷೆ ಆಯಿತು.

ಗಂಡಸರ ಕಥೆಗಳಲ್ಲಿ ದ್ರೋಹ ಅಂದರೆ ಮಾತು ತಪ್ಪುವುದು. ಇಲ್ಲಿ ಮಾತು ಕೊಟ್ಟೇ ಇರಲಿಲ್ಲ. ಆ ಮನೆಯಲ್ಲಿ ಹುಟ್ಟಿದ್ದೇ ಒಪ್ಪಂದ ಅಂತ ಎಲ್ಲರೂ ಅಂದುಕೊಂಡಿದ್ದರು. ಹಾಗಾಗಿ ಇವರನ್ನು ದ್ರೋಹಿಗಳ ಸಾಲಿನಲ್ಲಿ ಇಡೋಕೆ ನನಗೆ ಮನಸ್ಸಿಲ್ಲ. ಈ ಬಗೆಯನ್ನು ಆರಿಸುವವರಿಗೆ ನನ್ನ ಕೋರಿಕೆ, ಇವರನ್ನು ಡಾನ್ ಕಥೆಯ ಒಂದು ಉಪಕಥೆ ಮಾಡಬೇಡಿ. ನಾಯಕನಿಗೆ ಸಿಟ್ಟು ಬರಿಸೋಕೆ ಅಂತ ಹೆಂಡತಿಯನ್ನೋ ತಂಗಿಯನ್ನೋ ಕೊಲ್ಲುವ ಕಥೆಗಳು ಸಾಕಷ್ಟು ಬಂದಿವೆ. ಇವರನ್ನೇ ನಡುವೆ ಕೂರಿಸಿ, ಡಾನ್ ಒಂದು ದನಿಯಾಗಿ ಪಕ್ಕದ ಕೋಣೆಯಲ್ಲಿರಲಿ. ಸಂಶೋಧನೆಗೂ ಇದು ಸುಲಭ, ಗನ್ನುಗಳ ಮಾದರಿ ಗೊತ್ತಿರಬೇಕಿಲ್ಲ, ಒಂದು ಮನೆಯಲ್ಲಿ ಮಾತು ನಿಂತುಹೋದರೆ ಹೇಗಿರುತ್ತದೆ ಅಂತ ಗೊತ್ತಿದ್ದರೆ ಸಾಕು.

ಇನ್ನು ಸೇಡು

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ಭೂಗತ ಲೋಕದಲ್ಲಿ ಹಾಗೆ ಕಾಯುವವರು ಕಡಿಮೆ. ಕಾದಷ್ಟೂ ತಮ್ಮ ತಲೆಗೇ ಅಪಾಯ. ತಕ್ಷಣದ ಸೇಡು ಅಲ್ಲಿ ಕೋಪಕ್ಕಿಂತ ಲೆಕ್ಕಾಚಾರ, ಸುಮ್ಮನಿದ್ದರೆ ದುರ್ಬಲ ಅಂತ ತಿಳಿದು ಎಲ್ಲರೂ ಮೈಮೇಲೆ ಬೀಳುತ್ತಾರೆ ಅನ್ನೋ ಹೆದರಿಕೆ. ಶಿಷ್ಯ ಬಾಸ್‌ನನ್ನು ಮುಗಿಸುವ ಕಥೆಗೆ ಮತ್ತು ಗ್ಯಾಂಗ್ ಒಡೆಯುವ ಕಥೆಗೆ ಇದು ಹೊಂದುತ್ತದೆ. ತಡವಾದ ಸೇಡು ಬಾತ್ಮಿದಾರನ ಕಥೆಗೆ ಒಳ್ಳೆಯದು. 89 ವರ್ಷದ ಬಲ್ಜರ್‌ನನ್ನು ಕೊಂದು ಯಾರಿಗೆ ಏನು ಸಿಕ್ಕಿತು ಅನ್ನೋ ಪ್ರಶ್ನೆಯನ್ನು ಕಥೆಯೊಳಗೇ ಕೇಳಬಹುದು. ಕಾನೂನಿನ ಮೂಲಕ ತೀರುವ ಸೇಡು ಬುಶೆತಾಗೆ, ರೀತಾಗೆ. ತಪ್ಪು ಮನುಷ್ಯನ ಮೇಲೆ ಬೀಳುವ ಸೇಡು ವಲಾಚಿಗೆ, ನೆಪೊಲಿಟಾನೋಗೆ.

ಇವುಗಳನ್ನು ಬೆರೆಸಬೇಡಿ. ಮಕ್ಕಳನ್ನು ಕಳೆದುಕೊಂಡು ಕೋರ್ಟಿಗೆ ಹೋದವನು ಕೊನೆಯ ಪುಟದಲ್ಲಿ ಬಂದೂಕು ಎತ್ತಿದರೆ, ಅಲ್ಲಿಯವರೆಗೆ ಅವನು ಆಡಿದ ಮಾತಿಗೆಲ್ಲ ಬೆಲೆ ಇಲ್ಲದ ಹಾಗಾಗುತ್ತದೆ. ಹಾಗೆಯೇ ಗ್ಯಾಂಗ್ ಕಾಳಗದ ಕಥೆಗೆ ಕೊನೆಯಲ್ಲಿ ಒಂದು ದೊಡ್ಡ ತೀರ್ಪು ತಂದು ಅಂಟಿಸಿದರೆ ಯಾರಿಗೂ ನಂಬಿಕೆ ಬರುವುದಿಲ್ಲ.

ಯಾರ ಕಣ್ಣಿನಿಂದ ಹೇಳಬೇಕು ಅನ್ನೋದಕ್ಕೆ ನನ್ನ ಉತ್ತರ ಪ್ರತಿ ಸಲವೂ ಒಂದೇ: ಎರಡನೆಯ ಸಾಲಿನವರ ಕಣ್ಣಿನಿಂದ. ಡಾನ್‌ಗೆ ತನ್ನ ಬಗ್ಗೆ ತುಂಬಾ ಹೇಳಿಕೊಳ್ಳುವುದಿರುತ್ತದೆ, ಅದರಲ್ಲಿ ಅರ್ಧ ಸುಳ್ಳು. ಕಾರು ಓಡಿಸುವವನು, ಲೆಕ್ಕ ಬರೆಯುವವನು, ಜಾಮೀನು ನಿಂತವನು, ಮನೆ ಮಗಳು, ಇವರಿಗೆ ದ್ರೋಹ ಮೊದಲೇ ವಾಸನೆ ಬರುತ್ತದೆ, ಬೆಲೆಯನ್ನೂ ಇವರೇ ತೆರುತ್ತಾರೆ. ಸ್ಪಾರ್ಕ್ಸ್ ಮುಂದೆ ಬಿಲೋಟಿಯೂ ಸತ್ತ ಅನ್ನೋದನ್ನು ನೆನಪಿಡಿ. ಅವನ ಬಗ್ಗೆ ಯಾರು ಬರೆದಾರು?

ಇದೇ ಮೊದಲ ಪ್ರಯತ್ನ ಅಂತಾದರೆ ವಲಾಚಿ ಬಗೆಯನ್ನು ತಗೊಳ್ಳಿ. ಒಂದು ಜಾಗ, ಒಂದು ಭಯ, ಒಂದು ತಪ್ಪು ಕೊಲೆ, 15 ಪುಟದಲ್ಲಿ ಮುಗಿಯುತ್ತದೆ. ಒಂದೆರಡು ಕಥೆ ಬರೆದು ಕೈ ಪಳಗಿದ್ದರೆ ಜಾಮೀನು ನಿಂತವನ ಕಥೆ. ವರ್ಷಗಟ್ಟಲೆ ಕೂತು ಬರೆಯುವ ಮನಸ್ಸಿದ್ದರೆ ಬುಶೆತಾ ಥರದ್ದು. ಅದಕ್ಕೆ ಕೈ ಹಾಕಿದವರು ಫಾಲ್ಕೋನೆ ಥರದ ಪಾತ್ರವನ್ನೂ ಅಷ್ಟೇ ಶ್ರದ್ಧೆಯಿಂದ ಕಟ್ಟಬೇಕು. ಒಳ್ಳೆಯವರನ್ನು ಮರದ ಗೊಂಬೆ ಮಾಡಿ ಕೆಟ್ಟವರಿಗೆ ಮಾತ್ರ ಜೀವ ತುಂಬುವ ಚಾಳಿ ಈ ಬಗೆಯ ಬರವಣಿಗೆಯಲ್ಲಿ ಜಾಸ್ತಿ ಇದೆ.

ನಿಜ ಪ್ರಕರಣ ಇಟ್ಟುಕೊಂಡು ಬರೆಯುವವರು ಇನ್ನೊಂದು ನೋಡಿಕೊಳ್ಳಿ. ಪ್ರಕರಣ ಇನ್ನೂ ಕೋರ್ಟಿನಲ್ಲಿದ್ದರೆ, ಸಾಕ್ಷಿಗಳು ಬದುಕಿದ್ದರೆ, ಹೆಸರು ಬದಲಾಯಿಸಿದರಷ್ಟೇ ಸಾಲದು. ಊರು, ಉದ್ಯೋಗ, ಮಕ್ಕಳ ಸಂಖ್ಯೆ, ಕೊಲೆ ನಡೆದ ರೀತಿ ಇವುಗಳನ್ನೂ ಬದಲಾಯಿಸಿ. ಗುರುತು ಮರೆಸಿಕೊಂಡು ಬದುಕುತ್ತಿರುವ ಸಾಕ್ಷಿಯ ವಿಳಾಸಕ್ಕೆ ನಿಮ್ಮ ಕಥೆ ದಾರಿ ತೋರಿಸಬಾರದು. ಕೊಲೆಯಾದವರ ಮನೆಯವರು ಓದಬಹುದು ಅಂತಲೂ ಎಣಿಸಿಕೊಂಡು ಆ ಪುಟಗಳನ್ನು ಇನ್ನೊಂದು ಸಲ ತಿದ್ದಿ, ಆಮೇಲೆ ಬೇರೆಯವರಿಗೆ ಓದೋಕೆ ಕೊಡಿ.